ಹೊಸ ಡ್ರೋನ್, ಸರ್ಕಾರಿ ಗುತ್ತಿಗೆ: ಜೆಮ್, ರಾಜ್ಯದ ಟೆಂಡರ್ ಅಥವಾ ಐಡೆಕ್ಸ್?

ಸಮೀಕ್ಷೆಯ ಡ್ರೋನ್ ರೂಪಿಸಿದ್ದೀರಿ, ಸರ್ಕಾರಕ್ಕೆ ಮಾರಲು ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ. ನಿಮ್ಮ ಉತ್ಪನ್ನದ ಹೊಸತನ ಎಷ್ಟು ಎಂಬುದನ್ನೇ ಮೊದಲು ಅಳೆಯಿರಿ.

ಸರ್ಕಾರಿ ಇಲಾಖೆಗಳು ಆನ್‌ಲೈನ್‌ನಲ್ಲಿ ಖರೀದಿಸಲು 2016ರಲ್ಲಿ ಆರಂಭವಾದ ಕೇಂದ್ರದ ಜೆಮ್ ಪೋರ್ಟಲ್‌ನಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ಡ್ರೋನ್ ಈಗಾಗಲೇ ಇರುವ ವರ್ಗಕ್ಕೆ ಹೊಂದಿದರೆ ಪ್ರವೇಶ ಸಲೀಸು. ಆದರೆ ಅಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಕನಿಷ್ಠ ದರ; ನಿಮ್ಮ ಹೆಚ್ಚುವರಿ ಜಾಣ್ಮೆಗೆ ಅಂಕವಿಲ್ಲ. ನಾನು ಕಂಡ ಅನೇಕರು ಎಡವಿದ್ದು ಇಲ್ಲೇ.

1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯಡಿ ನಡೆಯುವ ಕರ್ನಾಟಕದ ಟೆಂಡರ್‌ಗಳಲ್ಲಿ ಮೊತ್ತ ದೊಡ್ಡದಿರಬಹುದು, ಕಾಗದಪತ್ರವೂ ಹೆಚ್ಚು. ಹಿಂದಿನ ಕೆಲಸದ ಅನುಭವ, ವಹಿವಾಟಿನ ಷರತ್ತುಗಳನ್ನು ಸಾಲುಸಾಲಾಗಿ ಓದಿ. ಕೇಂದ್ರದ ಖರೀದಿಯಲ್ಲಿ ಮಾನ್ಯತೆ ಪಡೆದ ನವೋದ್ಯಮಗಳಿಗೆ ಇವುಗಳಲ್ಲಿ ಸಡಿಲಿಕೆ ಸಿಗಬಹುದು, ಗುಣಮಟ್ಟದಲ್ಲಿ ಮಾತ್ರ ಇಲ್ಲ.

ರಕ್ಷಣೆಗೆ ಬೇಕಾದ ಹೊಸ ತಂತ್ರಜ್ಞಾನಕ್ಕೆ ನೆರವಾಗಲು 2018ರಲ್ಲಿ ಬಂದ ರಕ್ಷಣಾ ಸಚಿವಾಲಯದ ಯೋಜನೆ ಐಡೆಕ್ಸ್‌ನ ಲೆಕ್ಕವೇ ಬೇರೆ. ಸೇನೆ ಸಮಸ್ಯೆಯನ್ನು ಸವಾಲಾಗಿ ಮುಂದಿಡುತ್ತದೆ, ಪರಿಹಾರ ನಿಮ್ಮದು. ಮಾದರಿ ತಯಾರಿಸಲು ಮೂಲ ಯೋಜನೆಯಲ್ಲಿ 1.5 ಕೋಟಿ ರೂಪಾಯಿವರೆಗೆ ಅನುದಾನವಿದೆ. ನಿಮ್ಮ ಪಾಲನ್ನೂ ಹಾಕಬೇಕು. ಹೊಸತನಕ್ಕೆ ನಿಜವಾದ ಬೆಲೆ ಇಲ್ಲಿದೆ, ಕಾಯುವ ಶಕ್ತಿಯೂ ಬೇಕು.

ಹಣ ಬೇಗ ಕೈಸೇರಬೇಕೆಂದರೆ ಜೆಮ್. ಹಳೆಯ ಕೆಲಸದ ದಾಖಲೆ, ಸ್ಥಳೀಯ ಸೇವಾ ತಂಡ ಇದ್ದರೆ ರಾಜ್ಯದ ಟೆಂಡರ್. ಡ್ರೋನ್‌ನ ತಂತ್ರಜ್ಞಾನ ಯಾವ ವರ್ಗಕ್ಕೂ ಸೇರದಷ್ಟು ಹೊಸದಾಗಿದ್ದು, ಎರಡು ವರ್ಷ ನಿಭಾಯಿಸಲು ಬಂಡವಾಳವಿದ್ದರೆ ಐಡೆಕ್ಸ್‌ನ ಮುಂದಿನ ಸವಾಲುಪಟ್ಟಿಯನ್ನು ನೋಡಿ.