ಕಲಬುರಗಿಯ ಬಾಡಿಗೆ ಮನೆ ದಲಾಲರು: ಕೊಟ್ಟ ದುಡ್ಡಿಗೆ ಎಷ್ಟು ಕೆಲಸ?

ಮನೆ ತೋರಿಸುವುದರಲ್ಲಿ ಇಲ್ಲಿನ ದಲಾಲರು ಚುರುಕು. ಜೇವರ್ಗಿ ರಸ್ತೆಯಾಗಲಿ, ವಿಶ್ವವಿದ್ಯಾಲಯದ ಕಡೆಯಾಗಲಿ, ಒಂದೇ ಸುತ್ತಿನಲ್ಲಿ ನಾಲ್ಕಾರು ಮನೆ ತೋರಿಸುತ್ತಾರೆ. ಎಡವುವುದು ಆಮೇಲಿನ ಕೆಲಸದಲ್ಲಿ.

ಮನೆ ನೋಡಲು ಬೆಳಗ್ಗೆ ಕರೆದರೆ ಒಪ್ಪಬೇಡಿ, ಮಧ್ಯಾಹ್ನ 3ಕ್ಕೆ ಹೋಗಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿದು. ಮೇಲಿನ ಮಹಡಿಯ ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು ರಾತ್ರಿಯಿಡೀ ಧಗೆ ಬಿಡುತ್ತದೆ. ಶಹಾಬಾದ್ ಪರಸಿ (ಕಲ್ಲಿನ ಚಪ್ಪಡಿ) ಹಾಸಿದ ಕೆಳಗಿನ ಮನೆ ಸಿಕ್ಕರೆ ಬಾಡಿಗೆ ತುಸು ಹೆಚ್ಚಾದರೂ ಬಿಡಬೇಡಿ. ನಳದ ನೀರು ಎಷ್ಟು ದಿನಕ್ಕೊಮ್ಮೆ, ಏಪ್ರಿಲ್‌ನಲ್ಲೂ ಬೋರ್ ನೀರೆತ್ತುತ್ತದೆಯೇ ಎಂಬುದನ್ನು ಪಕ್ಕದ ಮನೆಯವರನ್ನೇ ಕೇಳಿ. ದಲಾಲರ ಬಾಯಲ್ಲಿ ನೀರು ಯಾವತ್ತೂ ಬತ್ತುವುದಿಲ್ಲ.

ಹೆಚ್ಚಿನವರು ಮರೆಯುವುದು ಕರೆಂಟಿನ ಲೆಕ್ಕ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಣೆಯಾಗಿಯೇ ಉಳಿದಿದ್ದರೆ ಉಚಿತ ಕರೆಂಟಿನ ಗೃಹಜ್ಯೋತಿ ನಿಮ್ಮ ಹೆಸರಿಗೆ ಬರುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಆ ಜೋಡಣೆ ತೆಗೆಸಿ. ಜೆಸ್ಕಾಂ ಬಿಲ್ಲಿನಲ್ಲಿ ಹಳೆ ಬಾಕಿ ಇದೆಯೇ ನೋಡಿ. ಇದನ್ನು ಮಾಡಿಸಿಕೊಡುವ ದಲಾಲರಿಗೆ ಪೂರ್ತಿ ಕಮಿಷನ್ ಕೊಡಬಹುದು.

ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಅವಧಿ ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಮನೆ ಬಿಡುವಾಗ ಸುಣ್ಣ-ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆಂದು ರೂಪಾಯಿ ಲೆಕ್ಕದಲ್ಲೇ ಬರೆಸಿ.