ಮೂರು ಜಪಾನೀ ಪತ್ತೇದಾರಿ ಕಾದಂಬರಿಗಳು ಮತ್ತು ನನ್ನ ತಪ್ಪು ಉತ್ತರಗಳು

ಕಳೆದ ಮಳೆಗಾಲದಲ್ಲಿ ಜಪಾನಿನ ಮೂರು ಪತ್ತೇದಾರಿ ಕಾದಂಬರಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ಒಂದರ ಬೆನ್ನಿಗೆ ಒಂದರಂತೆ ಓದಿದೆ. ಸೇಶಿ ಯೋಕೋಮಿಝೋ 1946ರಲ್ಲಿ ಧಾರಾವಾಹಿಯಾಗಿ ಬರೆದ ‘ದ ಹೋಂಜಿನ್ ಮರ್ಡರ್ಸ್’, ಸೋಜಿ ಶಿಮಾದಾ 1981ರಲ್ಲಿ ಪ್ರಕಟಿಸಿದ ‘ದ ಟೋಕಿಯೋ ಝೋಡಿಯಾಕ್ ಮರ್ಡರ್ಸ್’ ಮತ್ತು ಕೀಗೋ ಹಿಗಾಶಿನೋ ಅವರ 2005ರ ‘ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಎಂಬವೇ ಆ ಮೂರು. ಓದಲು ಕೂರುವ ಮೊದಲೇ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದೆ: ಪತ್ತೇದಾರನು ರಹಸ್ಯವನ್ನು ಬಿಡಿಸಲು ತೊಡಗುವ ಪುಟ ಬಂದೊಡನೆ ಪುಸ್ತಕವನ್ನು ಮುಚ್ಚಿ, ಯಾರು, ಹೇಗೆ, ಏಕೆ ಎಂಬ ಮೂರು ಪ್ರಶ್ನೆಗಳಿಗೆ ನನ್ನ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮೇಲಷ್ಟೇ ಮುಂದೆ ಓದಬೇಕು. ಈ ಹೋಲಿಕೆ ಆ ನೋಟ್‌ಬುಕ್ಕನ್ನು ಆಧರಿಸಿದ್ದು. ಮೂರರಲ್ಲಿ ಯಾವುದರ ಗುಟ್ಟನ್ನೂ ಇಲ್ಲಿ ಬಯಲು ಮಾಡುವುದಿಲ್ಲವಾದ್ದರಿಂದ, ಇನ್ನೂ ಓದದವರು ನಿಶ್ಚಿಂತೆಯಿಂದ ಮುಂದುವರಿಯಬಹುದು.

ನನ್ನ ಪತ್ತೇದಾರಿ ಓದು ಶುರುವಾದದ್ದು ಬಾಡಿಗೆ ಲೈಬ್ರರಿಯಿಂದ ತಂದ ಎನ್. ನರಸಿಂಹಯ್ಯನವರ ಪುಸ್ತಕಗಳಿಂದ. ಪತ್ತೇದಾರ ಪುರುಷೋತ್ತಮನ ಹಿಂದೆ ಓಡುವುದರಲ್ಲಿ ಇದ್ದ ಸುಖ ಬೆನ್ನಟ್ಟುವಿಕೆಯ ಸುಖವಾಗಿತ್ತು. ಅವನಿಗಿಂತ ಮೊದಲೇ ಕೊಲೆಗಾರನನ್ನು ಹಿಡಿಯಬೇಕೆಂಬ ಹಟ ನಮಗಿರಲಿಲ್ಲ. ಜಪಾನಿನಲ್ಲಿ ‘ಹೋಂಕಾಕು’ ಎಂದು ಕರೆಯಲಾಗುವ ಪಂಥವು ಓದುಗನಿಂದ ಈ ಹಟವನ್ನೇ ಬೇಡುತ್ತದೆ. ಅಲ್ಲಿ ಲೇಖಕನು ಎಲ್ಲ ಸುಳಿವುಗಳನ್ನೂ ಓದುಗನ ಕಣ್ಣೆದುರಿಗೇ ಇಡಬೇಕು, ಇಟ್ಟೂ ಅವನನ್ನು ಸೋಲಿಸಬೇಕು.

ಮೂರರಲ್ಲಿ ಚಿಕ್ಕದು ಯೋಕೋಮಿಝೋ ಅವರದು. 1937ರಲ್ಲಿ, ಒಕಾಯಾಮಾ ಪ್ರಾಂತದ ಹಳ್ಳಿಯೊಂದರ ಇಚಿಯಾನಾಗಿ ಮನೆತನದಲ್ಲಿ ಮದುವೆಯ ರಾತ್ರಿಯೇ ನವದಂಪತಿಗಳ ಕೊಲೆಯಾಗುತ್ತದೆ. ಚೀತ್ಕಾರದ ಜೊತೆಗೆ ಕೋತೋ ವಾದ್ಯದ ತಂತಿಗಳ ಸದ್ದು ಕೇಳಿಸುತ್ತದೆ; ಒಳಗಿನಿಂದ ಭದ್ರಪಡಿಸಿದ ಕಟ್ಟಡದ ಹೊರಗೆ, ಹೆಜ್ಜೆಗುರುತೇ ಇಲ್ಲದ ಹಿಮದಲ್ಲಿ, ರಕ್ತ ಮೆತ್ತಿದ ಖಡ್ಗ ನಾಟಿಕೊಂಡಿರುತ್ತದೆ. ಹೋಂಜಿನ್ ಎಂದರೆ ಹಿಂದಿನ ಕಾಲದಲ್ಲಿ ಸಾಮಂತ ಪ್ರಭುಗಳು ಪ್ರಯಾಣದ ನಡುವೆ ತಂಗುತ್ತಿದ್ದ ಬಿಡಾರ. ಆ ವ್ಯವಸ್ಥೆ ಅಳಿದು ಎಷ್ಟೋ ಕಾಲವಾದ ಮೇಲೂ ಮನೆತನದ ಬಿಗುಮಾನ ಮಾತ್ರ ಉಳಿದುಕೊಂಡಿರುವ ಚಿತ್ರವನ್ನು, ಜೋಡಿದಾರಿಕೆ ಹೋದ ಮೇಲೂ ಜಗಲಿ ಬಿಟ್ಟಿಳಿಯದ ಹಿರಿಯರನ್ನು ಕಂಡಿರುವ ನಮ್ಮ ಕಡೆಯ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಮಾಸಿದ ಉಡುಪಿನ, ತಲೆ ಕೆರೆದುಕೊಂಡು ತೊದಲುವ ಪತ್ತೇದಾರ ಕಿಂದಾಯಿಚಿ ಮೊದಲು ಕಾಣಿಸಿಕೊಂಡದ್ದು ಇಲ್ಲಿಯೇ. ನನ್ನ ನೋಟ್‌ಬುಕ್ಕಿನಲ್ಲಿ ‘ಯಾರು’ ಎಂಬುದಕ್ಕೆ ಬರೆದ ಉತ್ತರ ಸರಿಯಾಗಿತ್ತು, ‘ಹೇಗೆ’ ಎಂಬುದು ಅರ್ಧ ಸರಿಯಾಗಿತ್ತು, ‘ಏಕೆ’ ಎಂಬುದು ಪೂರ್ತಿ ತಪ್ಪಾಗಿತ್ತು. ಕೊಲೆಯ ಯಂತ್ರತಂತ್ರವನ್ನು ಲೇಖಕರು ವಿವರಿಸುವ ಪುಟಗಳನ್ನು ನಾನು ಕಾಗದದ ಮೇಲೆ ಗೆರೆ ಎಳೆದುಕೊಂಡೇ ಅರ್ಥ ಮಾಡಿಕೊಳ್ಳಬೇಕಾಯಿತು, ಮತ್ತು ಅರ್ಥವಾದ ಮೇಲೆ ಮೆಚ್ಚಿಕೆಗಿಂತ ಅನುಮಾನವೇ ಹೆಚ್ಚಾಯಿತು. ಆದರೆ ಕಾರಣವು ಆ ಮನೆಯ ಗೋಡೆಗಳಿಂದಲೇ ಹುಟ್ಟಿದ್ದೆಂಬುದು ತಿಳಿದಾಗ ಆದ ಕಸಿವಿಸಿ ಇನ್ನೂ ಹೋಗಿಲ್ಲ.

ಶಿಮಾದಾ ಅವರ ಕಾದಂಬರಿ ಬೇರೆಯೇ ಬಗೆಯ ದುಡಿಮೆಯನ್ನು ಕೇಳುತ್ತದೆ. 1936ರ ಫೆಬ್ರವರಿ 26ರಂದು, ಟೋಕಿಯೋದಲ್ಲಿ ಸೈನ್ಯದ ಕಿರಿಯ ಅಧಿಕಾರಿಗಳು ದಂಗೆಯೆದ್ದ ಆ ಹಿಮದ ದಿನವೇ, ಚಿತ್ರಕಾರನೊಬ್ಬ ಬೀಗ ಬಿದ್ದ ತನ್ನ ಸ್ಟುಡಿಯೋದಲ್ಲಿ ಹೆಣವಾಗಿ ಸಿಗುತ್ತಾನೆ. ಅವನು ಬಿಟ್ಟುಹೋದ ಬರಹದಲ್ಲಿ, ತನ್ನ ಮನೆಯ ಆರು ಹೆಣ್ಣುಮಕ್ಕಳ ರಾಶಿಗನುಸಾರವಾಗಿ ಒಬ್ಬೊಬ್ಬಳ ಒಂದೊಂದು ಅಂಗವನ್ನು ತೆಗೆದು, ಅಝೋತ್ ಎಂಬ ಪರಿಪೂರ್ಣ ಸ್ತ್ರೀಯನ್ನು ರಚಿಸುವ ಯೋಜನೆ ಇರುತ್ತದೆ. ಅವನು ಸತ್ತ ಮೇಲೆ ಆ ಯೋಜನೆಯನ್ನು ಯಾರೋ ನೆರವೇರಿಸುತ್ತಾರೆ. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ಜ್ಯೋತಿಷಿ ಕಿಯೋಶಿ ಮಿತಾರಾಯಿ ಸೋಫಾದ ಮೇಲೆ ಬಿದ್ದುಕೊಂಡೇ ಆ ಪ್ರಕರಣವನ್ನು ಕೈಗೆತ್ತಿಕೊಳ್ಳುತ್ತಾನೆ.

ಮೊದಲ ನೂರು ಪುಟಗಳನ್ನು ದಾಟುವುದು ಸುಲಭವಲ್ಲ. ಟೋಮೋಕೋ, ಅಕಿಕೋ, ಯುಕಿಕೋ, ಟೋಕಿಕೋ, ರೇಕೋ ಎಂಬ ಹೆಸರುಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದುದರಿಂದ ನಾನು ಗೆರೆ ಹಾಕಿದ ಹಾಳೆಯಲ್ಲಿ ಹೆಸರು, ರಾಶಿ, ಗ್ರಹ, ಲೋಹ, ಹೆಣ ಸಿಕ್ಕ ಊರು ಎಂದು ಐದು ಕಾಲಂಗಳ ಪಟ್ಟಿಯನ್ನೇ ಮಾಡಿಕೊಂಡೆ. ಪಂಚಾಂಗ ಬಲ್ಲವರು ಇಲ್ಲಿ ಎಡವುವ ಸಂಭವವಿದೆ: ನಮ್ಮಲ್ಲಿ ರಾಶಿಯೆಂದರೆ ಹುಟ್ಟಿದಾಗ ಚಂದ್ರನಿದ್ದ ರಾಶಿ, ಈ ಕಾದಂಬರಿಯಲ್ಲಿ ಅದು ಪಾಶ್ಚಾತ್ಯ ಲೆಕ್ಕದ ಸೂರ್ಯರಾಶಿ. ಲೇಖಕರು ಕತೆಯನ್ನು ಎರಡು ಸಲ ನಿಲ್ಲಿಸಿ, ಬೇಕಾದ ಸುಳಿವುಗಳೆಲ್ಲ ನಿಮ್ಮ ಕೈಯಲ್ಲಿವೆ, ಬಿಡಿಸಿ ನೋಡೋಣ ಎಂದು ಓದುಗನಿಗೆ ಬಹಿರಂಗ ಸವಾಲು ಹಾಕುತ್ತಾರೆ. ಮೊದಲ ಸವಾಲಿನ ಬಳಿ ನಾನು ಎರಡು ದಿನ ಕುಳಿತೆ. ಬರೆದ ಮೂರು ಉತ್ತರಗಳೂ ತಪ್ಪಾದವು. ನಿಜವಾದ ಉತ್ತರವನ್ನು ಓದಿ ಪಟ್ಟಿಯತ್ತ ತಿರುಗಿದರೆ, ಆ ಐದು ಕಾಲಂಗಳಲ್ಲಿ ನಾನೇ ಬರೆದ ವಿವರಗಳಿಂದಲೇ ಅದನ್ನು ಕಾಣಬಹುದಾಗಿತ್ತು. ಇಷ್ಟು ಸರಳವಾದ ಉಪಾಯಕ್ಕೆ ಇಷ್ಟು ದೊಡ್ಡ ಡಂಬಾಚಾರದ ಹೊದಿಕೆಯೇ ಎಂದು ನಗು ಬಂತು, ಸೋತದ್ದಕ್ಕೆ ಬೇಸರವಾಗಲಿಲ್ಲ. ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು: ಸತ್ತ ಆ ಆರು ಮಂದಿಯಲ್ಲಿ ಒಬ್ಬಳ ದನಿಯೂ ನಮ್ಮ ಕಿವಿಗೆ ಬೀಳುವುದಿಲ್ಲ. ಅವರು ಕೊನೆಯವರೆಗೂ ನನ್ನ ಹಾಳೆಯ ಸಾಲುಗಳಾಗಿಯೇ ಉಳಿದರು.

ಹಿಗಾಶಿನೋ ಅವರ ಪುಸ್ತಕಕ್ಕೆ ಬರುವಾಗ ನನ್ನ ಕಟ್ಟಳೆಯೇ ಅರ್ಥಹೀನವೆನಿಸಿತು. ಕೊಲೆ ನಮ್ಮ ಕಣ್ಣ ಮುಂದೆಯೇ, ಮೊದಲ ಅಧ್ಯಾಯದಲ್ಲೇ ನಡೆಯುತ್ತದೆ. ಊಟದ ಡಬ್ಬಿಗಳನ್ನು ಮಾರುವ ಅಂಗಡಿಯಲ್ಲಿ ದುಡಿಯುವ ಯಾಸುಕೋ ಮತ್ತು ಅವಳ ಮಗಳು, ಕಾಡಲು ಬಂದ ಮಾಜಿ ಗಂಡನನ್ನು ಕೊಲ್ಲುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಅದನ್ನು ಮುಚ್ಚಿಹಾಕಲು ಮುಂದಾಗುತ್ತಾನೆ. ರವಿಚಂದ್ರನ್ ಅಭಿನಯದ ‘ದೃಶ್ಯ’ ಚಿತ್ರವನ್ನು ನೋಡಿದವರಿಗೆ ಈ ಚೌಕಟ್ಟು ಪರಿಚಿತವೆನಿಸಬಹುದು. ‘ಯಾರು’ ಮತ್ತು ‘ಏಕೆ’ ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿಕ್ಕಿದ್ದರಿಂದ, ನೋಟ್‌ಬುಕ್ಕಿನಲ್ಲಿ ‘ಬರೆಯುವುದು ಏನೂ ಇಲ್ಲ, ಸಿಕ್ಕಿಬೀಳುತ್ತಾರೋ ಇಲ್ಲವೋ ಎಂಬುದಷ್ಟೇ ಬಾಕಿ’ ಎಂದು ಬಹಳ ಜಾಣನಂತೆ ಒಂದು ಸಾಲು ಗೀಚಿದೆ. ಮೂರು ಪುಸ್ತಕಗಳಿಗಾಗಿ ನಾನು ಬರೆದ ಎಲ್ಲ ಸಾಲುಗಳಲ್ಲಿ ಅತ್ಯಂತ ದೊಡ್ಡ ತಪ್ಪು ಅದೇ. ಇಶಿಗಾಮಿ ತನ್ನ ಪರೀಕ್ಷೆಯ ಪ್ರಶ್ನೆಗಳ ಬಗ್ಗೆ, ಅವು ರೇಖಾಗಣಿತದ ಲೆಕ್ಕಗಳಂತೆ ಕಂಡರೂ ನಿಜಕ್ಕೂ ಬೀಜಗಣಿತದವು ಎಂಬರ್ಥದ ಮಾತನ್ನು ಆಡುತ್ತಾನೆ. ಅದನ್ನು ನಾನು ಪಾತ್ರಚಿತ್ರಣವೆಂದು ಭಾವಿಸಿ ದಾಟಿಹೋಗಿದ್ದೆ.

ಈ ಕಾದಂಬರಿಗೆ ನವೋಕಿ ಪ್ರಶಸ್ತಿ ಬಂದಾಗ, ಇದನ್ನು ಹೋಂಕಾಕು ಎಂದು ಕರೆಯಬಹುದೇ, ಓದುಗನಿಗೆ ಸುಳಿವುಗಳು ಸಾಕಷ್ಟು ಸಿಕ್ಕಿವೆಯೇ ಎಂಬ ಬಗ್ಗೆ ಜಪಾನಿನ ಪತ್ತೇದಾರಿ ಲೇಖಕರ ನಡುವೆಯೇ ದೊಡ್ಡ ವಾಗ್ವಾದ ನಡೆದಿತ್ತು. ಸುಳಿವುಗಳ ಲೆಕ್ಕವನ್ನೇ ಹಿಡಿದರೆ ಶಿಮಾದಾ ಹೆಚ್ಚು ಉದಾರಿಯೆಂಬುದು ನನ್ನ ಅಭಿಪ್ರಾಯ. ಹಿಗಾಶಿನೋ ಒಂದೆರಡು ಕಡೆ ಜಿಪುಣತನ ತೋರುತ್ತಾರೆ, ಮತ್ತು ಇಲ್ಲಿ ಪತ್ತೇದಾರನ ಕೆಲಸ ಮಾಡುವ ಭೌತವಿಜ್ಞಾನಿ ಯುಕಾವಾ ತನಗೆ ಹೊಳೆದದ್ದನ್ನು ಓದುಗನಿಂದ ಅಗತ್ಯಕ್ಕಿಂತ ಹೆಚ್ಚು ಹೊತ್ತು ಮುಚ್ಚಿಡುತ್ತಾನೆ. ಆದರೂ ಆ ಪುಸ್ತಕವನ್ನು ಮುಗಿಸಿದ ರಾತ್ರಿಯೇ ನಾನು ಮತ್ತೆ ಮೊದಲ ಅಧ್ಯಾಯಕ್ಕೆ ಹಿಂದಿರುಗಿದೆ. ಉಳಿದೆರಡಕ್ಕೆ ಹಾಗೆ ಹಿಂದಿರುಗಬೇಕೆನಿಸಿರಲಿಲ್ಲ.

ಲೆಕ್ಕ ಬಿಡಿಸುವ ಚಟವಿರುವವರು ಒಂದು ರಜೆಯನ್ನೂ ಕೆಲವು ಗೆರೆ ಹಾಳೆಗಳನ್ನೂ ಹೊಂದಿಸಿಕೊಂಡು ಶಿಮಾದಾ ಅವರಿಂದ ತೊಡಗಲಿ. ಒಂದೇ ದಿನದ ರೈಲು ಪ್ರಯಾಣಕ್ಕೆ ಯೋಕೋಮಿಝೋ ಹೊಂದುತ್ತಾರೆ. ನನ್ನ ಅಕ್ಕನಿಗೆ ನಾನು ಮೊದಲು ಕೊಟ್ಟದ್ದು ಹಿಗಾಶಿನೋ ಅವರದು. ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟಿದ್ದೆ. ಅವಳು ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ, ಪುಸ್ತಕ ಮಾತ್ರ ಇನ್ನೂ ವಾಪಸು ಬಂದಿಲ್ಲ.