ಲಾಂಗ್ ಆರ್ಮ್ ಮೆಷಿನ್ ಕ್ಲಾಸು: ದುಡ್ಡು ಜಾಸ್ತಿ, ಆದರೂ ಹೋಗಿ

ಡಬಲ್ ಬೆಡ್ ಅಳತೆಯ ಕ್ವಿಲ್ಟನ್ನು (ಎರಡು ಬಟ್ಟೆಗಳ ನಡುವೆ ಹತ್ತಿ ಪದರ ಇಟ್ಟು ಹೊಲಿದ ಹೊದಿಕೆ) ಮನೆ ಮೆಷಿನ್ನಿನಲ್ಲಿ ಹೊಲಿದವರಿಗೆ ಆ ಭುಜದ ನೋವು ಗೊತ್ತು. ಮೆಷಿನ್ನಿನ ತೋಳಿನ ಕೆಳಗೆ ಇರುವುದೇ ಏಳೆಂಟು ಇಂಚು ಜಾಗ, ಅದರೊಳಗೆ ಸುರುಳಿ ಸುತ್ತಿದ ಅರ್ಧ ಕ್ವಿಲ್ಟನ್ನು ತುರುಕಿ, ತಳ್ಳಿ, ಎಳೆದು ಹೊಲಿಯಬೇಕು. ಲಾಂಗ್ ಆರ್ಮ್‌ನಲ್ಲಿ ಅಂದರೆ ಕ್ವಿಲ್ಟಿಗೆಂದೇ ಇರುವ ಉದ್ದ ತೋಳಿನ ಮೆಷಿನ್ನಿನಲ್ಲಿ ಎಲ್ಲ ಉಲ್ಟಾ. ಬಟ್ಟೆ ಫ್ರೇಮಿನ ಮೇಲೆ ನಿಂತ ಕಡೆ ನಿಂತಿರುತ್ತದೆ, ಮೆಷಿನ್ನೇ ಹಳಿ ಮೇಲೆ ಓಡಾಡುತ್ತದೆ.

ಬನಶಂಕರಿ ಮೆಟ್ರೊ ಸ್ಟೇಷನ್ನಿನಿಂದ ಸ್ವಲ್ಪ ದೂರದ ಒಂದು ಸಣ್ಣ ಸ್ಟುಡಿಯೋದಲ್ಲಿ ಕಲಿತೆ. ಒಂದೇ ಮೆಷಿನ್, ಕಲಿಸುವವರೂ ಒಬ್ಬರೇ. ಮೊದಲು ಕ್ಲಾಸು, ಆಮೇಲೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಅಗ್ಗ ಅಲ್ಲ. ಆದರೆ ಹತ್ತು ಹನ್ನೆರಡು ಅಡಿ ಉದ್ದದ ಫ್ರೇಮನ್ನು ಮನೆಗೆ ತಂದರೆ ಹಾಲ್‌ನಲ್ಲಿ ಸೋಫಾ ಇರಲ್ಲ, ಅದಕ್ಕೆ ಬಾಡಿಗೆಯೇ ಸರಿ.

ಹೋದ ತಕ್ಷಣ ಹೊಲಿಯಲು ಬಿಡುತ್ತಾರೆ ಅಂದುಕೊಳ್ಳಬೇಡಿ. ಮೊದಲು ಲೋಡಿಂಗ್. ಕೆಳಗಿನ ಬಟ್ಟೆಯನ್ನು ರೋಲರಿನ ಕ್ಯಾನ್ವಾಸಿಗೆ ನೆಟ್ಟಗೆ ಪಿನ್ ಮಾಡಿ, ಅದರ ಮೇಲೆ ಹತ್ತಿ ಪದರ, ಅದರ ಮೇಲೆ ನಮ್ಮ ತುಂಡು ಜೋಡಿಸಿದ ಮೇಲ್ಬಟ್ಟೆ. ಬೇಜಾರಿನ ಕೆಲಸವೇ. ಆದರೆ ನೆಲದ ಮೇಲೆ ಮಂಡಿಯೂರಿ ಇಡೀ ಕ್ವಿಲ್ಟಿಗೆ ಕಚ್ಚಾ ಹೊಲಿಗೆ ಹಾಕುವ ಕಾಟ ಇಲ್ಲಿ ಇಲ್ಲವೇ ಇಲ್ಲ. ಬಟ್ಟೆ ಎಷ್ಟು ಬಿಗಿ ಇರಬೇಕು ಅಂತ ಕೇಳಿದ್ದಕ್ಕೆ ಅವರು ಕೆಳಗಿನಿಂದ ಒಂದು ಬೆರಳು ಒತ್ತಿ, ಮೇಲಿನಿಂದ ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ತೋರಿಸಿದರು. ಹಾಗೆ ಹಿಡಿಯಲು ಬರಬೇಕು, ಅದಕ್ಕಿಂತ ಜಾಸ್ತಿ ಬಿಗಿ ಮಾಡಿದರೆ ಹೊಲಿಗೆ ಕೆಡುತ್ತದೆ.

ಆಮೇಲೆ ಟೆನ್ಶನ್, ಅಂದರೆ ದಾರದ ಬಿಗಿ. ದಾರ ಬದಲಾದಾಗೆಲ್ಲ ಅಂಚಿನ ಬಟ್ಟೆ ಮೇಲೆ ಎರಡು ಸುರುಳಿ ಹೊಲಿದು, ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ಕೆಳಗೆ ನೋಡಬೇಕು. ನೇರ ಗೆರೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ತಿರುವಿನಲ್ಲಿ ಬಂಡವಾಳ ಬಯಲು. ಮೇಲಿನ ದಾರ ಸಡಿಲ ಇದ್ದರೆ ಕೆಳಗೆ ಅದು ಕುಣಿಕೆ ಕುಣಿಕೆಯಾಗಿ ಎದ್ದಿರುತ್ತದೆ, ಉಗುರಿಗೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ ಸರಿ ಮಾಡಿಕೊಂಡರೆ ಆಯ್ತು, ಇಲ್ಲದಿದ್ದರೆ ಬಿಚ್ಚುತ್ತಾ ಕೂರಬೇಕು.

ಇಷ್ಟೆಲ್ಲ ಆದಮೇಲೆ ಹಿಡಿಕೆ ಕೈಗೆ ಬರುತ್ತದೆ. ಆ ಖುಷಿಯೇ ಬೇರೆ! ಸ್ಟಿಚ್ ರೆಗ್ಯುಲೇಟರ್ ಇರುವುದರಿಂದ ಕೈ ನಿಧಾನ ಮಾಡಿದರೆ ಸೂಜಿ ನಿಧಾನ, ಕೈ ಜೋರಾದರೆ ಸೂಜಿಯೂ ಜೋರು. ಇಂಚಿಗೆ 10 ಹೊಲಿಗೆ ಅಂತ ಇಟ್ಟರೆ ಎಲ್ಲ ಕಡೆ ಅಷ್ಟೇ ಬೀಳುತ್ತದೆ. ಹೊಲಿಗೆ ಸಮ ಬರುವುದನ್ನು ಮೆಷಿನ್ ನೋಡಿಕೊಳ್ಳುತ್ತದೆ ಸರಿ, ಗೆರೆ ಎತ್ತ ಹೋಗಬೇಕು ಅನ್ನುವುದು ಮಾತ್ರ ನಮ್ಮ ತಲೆನೋವು. ಅದಕ್ಕೇ ಮೊದಲು ಬೋರ್ಡಿನ ಮೇಲೆ ಪೆನ್ ಎತ್ತದೆ ಬಳ್ಳಿ ಬರೆಸುತ್ತಾರೆ. ರಂಗೋಲಿ ಎಳೆ ಬಿಟ್ಟು ಅಭ್ಯಾಸ ಇದ್ದವರಿಗೆ ಬೇಗ ಬರುತ್ತದೆ. ನಾನು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದಕ್ಕೆ ಅವರು, "ಮೇಡಂ, ಬಿಡಿ ಸ್ವಲ್ಪ, ಅದು ಎಲ್ಲೂ ಓಡಿ ಹೋಗಲ್ಲ" ಅಂದರು. ಕೈ ಸಡಿಲ ಮಾಡಿದ ಮೇಲೇ ಬಳ್ಳಿ ದುಂಡಗೆ ಬಂದಿದ್ದು.

ಪ್ಯಾಂಟೋಗ್ರಾಫ್ ಅಂತ ಇನ್ನೊಂದಿದೆ. ಮೆಷಿನ್ ಹಿಂದೆ ನಿಂತು, ಕಾಗದದ ಮೇಲಿನ ಚಿತ್ರದ ಗೆರೆಯನ್ನು ಲೇಸರ್ ಚುಕ್ಕೆಯಿಂದ ಹಿಂಬಾಲಿಸುವುದು. ಅಚ್ಚುಕಟ್ಟಾಗಿ ಬರುತ್ತದೆ, ನಿಜ. ಆದರೆ ಕಣ್ಣು ಪೂರ್ತಿ ಕಾಗದದ ಮೇಲೇ ಇರಬೇಕು, ಬಟ್ಟೆ ನೋಡುವ ಹಾಗಿಲ್ಲ. ನನಗಂತೂ ಮಜಾ ಬರಲಿಲ್ಲ.

ಹಳೇ ಸೀರೆಗಳ ಕೌದಿಯನ್ನು ಇದರ ಮೇಲೆ ಹಾಕಬಹುದಾ ಅಂತ ಕೇಳುವವರಿಗೆ: ಹಾಕಬಹುದು, ನಾನು ಹಾಕಲ್ಲ. ಅದರ ಚಂದ ಇರುವುದೇ ಕೈಹೊಲಿಗೆಯಲ್ಲಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕವಂದಿಯನ್ನು (ಅವರ ಕೌದಿ) ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಬಂದು ನಡುವಿನಲ್ಲಿ ಮುಗಿಸುತ್ತಾರಲ್ವಾ, ಅದು ಈ ಫ್ರೇಮಿಗೆ ಒಗ್ಗುವ ಕೆಲಸ ಅಲ್ಲ. ಇಲ್ಲಿ ಒಂದು ಪಟ್ಟಿ ಮುಗಿಸಿ, ರೋಲರ್ ತಿರುಗಿಸಿ, ಮುಂದಿನ ಪಟ್ಟಿಗೆ ಹೋಗಬೇಕು. ಹೊಲಿದ ಭಾಗ ಸುತ್ತಿಕೊಂಡು ದಪ್ಪ ಆದ ಹಾಗೆ ಕೈಯಾಡಿಸುವ ಜಾಗವೂ ಕಮ್ಮಿ ಆಗುತ್ತದೆ.

ದೂರು ಇಲ್ಲವೇ ಅಂದರೆ, ಇದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಕರೆಂಟ್ ಹೋದರೆ ಸುಮ್ನೆ ಕೂರಬೇಕು, ಆ ಹೊತ್ತಿಗೂ ಬಾಡಿಗೆ ಹಿಡಿದರು, ಕೇಳಿದ ಮೇಲೆ ಬಿಟ್ಟರು. ಶನಿವಾರ, ಭಾನುವಾರ ಜಾಗ ಸಿಗುವುದೇ ಕಷ್ಟ. ಪೂರ್ತಿ ನಿಂತೇ ಮಾಡುವ ಕೆಲಸ, ಸೊಂಟ ನೋವು ಇರುವವರು ಯೋಚಿಸಿ.

ಹೋಗುವವರು ಬ್ಯಾಕಿಂಗ್ ಬಟ್ಟೆಯನ್ನು (ಕೆಳಗಿನ ಬಟ್ಟೆ) ಚಿಕ್ಕಪೇಟೆಯಲ್ಲೇ ತೆಗೆದುಕೊಳ್ಳಿ, ಹಸಿರು ಲೈನ್ ಮೆಟ್ರೊದಲ್ಲಿ ನೇರ ಬನಶಂಕರಿಗೆ ಬರಬಹುದು. ಬೆಡ್‌ಶೀಟಿನ ದೊಡ್ಡ ಪನ್ನಾ ಬಟ್ಟೆ ಕೇಳಿ, ಜೋಡಿಸುವ ಕೆಲಸ ತಪ್ಪುತ್ತದೆ. ಮೇಲ್ಬಟ್ಟೆಗಿಂತ ನಾಲ್ಕೂ ಕಡೆ 4 ಇಂಚು ಜಾಸ್ತಿ ಇರಲಿ, ತೊಳೆದು ಇಸ್ತ್ರಿ ಮಾಡಿ ಒಯ್ಯಿರಿ. ಅಂಚು ಕಟ್ಟುವುದನ್ನು ಅಲ್ಲಿ ಮಾಡಿಕೊಡುವುದಿಲ್ಲ, ಅದಕ್ಕೆ ಮನೆ ಮೆಷಿನ್ನೇ ಗತಿ.